ಬಿಲ್ಲಿನಲ್ಲಿ ಬರೆದರಷ್ಟೇ ಸಾಲದು

ಗ್ರಾಹಕರು ಹಣ ಕೊಡಲು ತಡಮಾಡಿದರೆ ಕಂಟ್ರಾಕ್ಟರುಗಳು ಬಡ್ಡಿ ಕೇಳುವುದು ಹೇಗೆ ಅನ್ನುವ ಲೇಖನವೊಂದನ್ನು ಓದಿದೆ. ಬಿಲ್ಲಿನ ಕೆಳಗೆ ‘ತಡವಾದರೆ ತಿಂಗಳಿಗೆ ಶೇ 2 ಬಡ್ಡಿ’ ಅಂತ ಒಂದು ಸಾಲು ಸೇರಿಸಿದರೆ ಸಾಕು ಎಂದು ಅದರಲ್ಲಿದೆ. ಕಂಟ್ರಾಕ್ಟರುಗಳು ದಯವಿಟ್ಟು ಇದನ್ನೇ ನಂಬಿ ಕೂರಬೇಡಿ. ಬಿಲ್ಲು ಹೋಗುವುದು ಕೆಲಸ ಮುಗಿದ ಮೇಲೆ, ಅಷ್ಟು ಹೊತ್ತಿಗೆ ಒಪ್ಪಂದ ಆಗಿಬಿಟ್ಟಿರುತ್ತದೆ, ಆಮೇಲೆ ನಾವೊಬ್ಬರೇ ಸೇರಿಸಿದ ಷರತ್ತಿಗೆ ಗ್ರಾಹಕರು ‘ನಾನು ಯಾವಾಗ ಒಪ್ಪಿದ್ದೆ?’ ಎಂದರೆ ಏನು ಹೇಳುವುದು, ಅಲ್ವಾ? ದರ, ಗಡುವು, ಯಾವ ದಿನದಿಂದ ಲೆಕ್ಕ ಅನ್ನುವುದೆಲ್ಲ ಕೆಲಸ ಶುರುವಾಗುವ ಮೊದಲೇ ಇಬ್ಬರೂ ಸಹಿ ಹಾಕಿದ ಕಾಗದದಲ್ಲಿ ಇರಬೇಕು.

ಒಪ್ಪಂದದಲ್ಲಿ ಇಲ್ಲದಿದ್ದರೂ ಕಾನೂನೇ ಬಡ್ಡಿ ಕೊಡಿಸುವುದೂ ಉಂಟು. ತಡವಾದ ಪಾವತಿ ಬಗ್ಗೆ ಇರುವ ಬ್ರಿಟನ್ನಿನ 1998ರ ಕಾಯ್ದೆಯಲ್ಲಿ, ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ಬಡ್ಡಿದರಕ್ಕೆ ಇನ್ನೂ ಶೇ 8 ಸೇರಿಸಿ ವಾರ್ಷಿಕ ಬಡ್ಡಿ ಕೇಳಬಹುದು. ಆದರೆ ಅದು ವ್ಯಾಪಾರ ಸಂಸ್ಥೆಗಳ ನಡುವಿನಂಥ ವ್ಯವಹಾರಗಳಿಗೆ ಮಾತ್ರ. ಸ್ವಂತ ಮನೆ ರಿಪೇರಿ ಮಾಡಿಸಿದವರ ಮೇಲೆ ಅದು ನಡೆಯುವುದಿಲ್ಲ. ಲೇಖನದಲ್ಲಿ ಈ ವ್ಯತ್ಯಾಸವನ್ನೇ ಬಿಟ್ಟಿರುವುದು ನನಗೆ ದೊಡ್ಡ ಕೊರತೆ ಅನ್ನಿಸಿತು.

ಇನ್ನೊಂದು ವಿಷಯ. ಹೆದರಿಸಲು ಅಂತ ಸುಮ್ನೆ ಜಾಸ್ತಿ ದರ ಹಾಕಬೇಡಿ. ಆದ ನಷ್ಟಕ್ಕೂ ಕೇಳುವ ಹಣಕ್ಕೂ ಸಂಬಂಧವೇ ಇಲ್ಲದಂತಿದ್ದರೆ ಅದು ಬರೀ ದಂಡ ಅಂತ ಕೋರ್ಟು ತಳ್ಳಿಹಾಕಬಹುದು. ಕೆಲವು ಕಡೆ ಬಡ್ಡಿಗೆ ಕಾನೂನಿನ ಮಿತಿಯೂ ಇರುತ್ತದೆ, ದರ ಬರೆಯುವ ಮೊದಲು ಅದನ್ನು ನೋಡಿಕೊಳ್ಳಿ.