ಪರ-ವಿರೋಧ: ಬೆಲ್ಟ್ ಬಿಚ್ಚಿ ಬಿಡುವ ಡಾಗ್ ಪಾರ್ಕಿಗೆ ನಾಯಿಯನ್ನು ಕರೆದೊಯ್ಯಬೇಕೆ?

ಪರ

ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಲ್ಯಾಬ್ರಡಾರನ್ನು ಬೆಳಗ್ಗೆ ಸಂಜೆ ಬೆಲ್ಟ್ ಹಿಡಿದು ಬೀದಿ ಸುತ್ತಿಸಿದರೆ ಹೊಟ್ಟೆ ಹಗುರಾಗುತ್ತದೆ, ಮೈ ದಣಿಯುವುದಿಲ್ಲ. ಉಳಿದ ಕಸುವೆಲ್ಲ ಸೋಫಾ ಹರಿಯುವುದಕ್ಕೆ, ಲಿಫ್ಟಿನ ಸದ್ದಿಗೆಲ್ಲ ಬೊಗಳುವುದಕ್ಕೆ ಹೋಗುತ್ತದೆ. ಹಾಗಂತ ಬೆಂಗಳೂರಿನ ರಸ್ತೆಯಲ್ಲಿ ಬೆಲ್ಟ್ ಬಿಚ್ಚುವಂತಿಲ್ಲ. ಬೈಕುಗಳಿವೆ, ತಿರುವಿಗೊಂದು ಬೀದಿನಾಯಿಗಳ ಗುಂಪಿದೆ. ಮುಧೋಳ ನಾಯಿಯಂತೂ ಬೆಕ್ಕು ಕಂಡರೆ ಸಾಕು, ಎಷ್ಟು ಕೂಗಿದರೂ ಹಿಂದಿರುಗಿ ನೋಡುವುದಿಲ್ಲ. ಸುತ್ತ ಬೇಲಿಯಿರುವ ಜಾಗವೇ ಬೇಕು.

2022ರಲ್ಲಿ ತೋಟಗಾರಿಕೆ ಇಲಾಖೆ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನೇ ತರಬಾರದು ಎನ್ನಲು ಹೊರಟು, ವಿರೋಧ ಬಂದ ಮೇಲೆ ಹಿಂದೆ ಸರಿಯಿತು. ಎಲ್ಲೆಂದರಲ್ಲಿ ಬೆಲ್ಟ್ ಬಿಚ್ಚುತ್ತಾರೆ, ಹೇಸಿಗೆ ಎತ್ತುವುದಿಲ್ಲ ಎಂಬ ದೂರುಗಳು ಆಗ ಜೋರಾಗಿ ಕೇಳಿಬಂದವು. ದೂರು ನ್ಯಾಯವಾದದ್ದೇ. ಬಡಾವಣೆಗೊಂದು ಬೇಲಿ ಹಾಕಿದ ಜಾಗ ಕೊಟ್ಟರೆ ಓಡಾಡುವವರಿಗೂ ನೆಮ್ಮದಿ, ನಾಯಿಗೂ ಓಟ.

ಹೋಗುವ ಕ್ರಮ ಗೊತ್ತಿದ್ದರೆ ಹೆಚ್ಚಿನ ತೊಂದರೆಗಳು ಬಾಗಿಲಲ್ಲೇ ನಿಲ್ಲುತ್ತವೆ. ಒಂದರ ಹಿಂದೊಂದು ಎರಡು ಗೇಟಿರುವ ಪಾರ್ಕನ್ನೇ ಆರಿಸಿ. ಹೊರಗಿನ ಗೇಟು ಮುಚ್ಚಿ, ನಡುವಿನ ಜಾಗದಲ್ಲೇ ಬೆಲ್ಟ್ ಬಿಚ್ಚಿ, ಆಮೇಲೆ ಒಳಗಿನದನ್ನು ತೆರೆಯಿರಿ. ಬಿಡುಬೀಸಾಗಿ ಓಡುವ ನಾಯಿಗಳ ನಡುವೆ ಬೆಲ್ಟಿನಲ್ಲಿರುವ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಅದಕ್ಕೇ ಕಚ್ಚಲು ಹೋಗುತ್ತದೆ. ಗೇಟಿನ ಬಳಿ ನಿಲ್ಲದೆ ಒಳಕ್ಕೆ ನಡೆದುಬಿಡಿ. ಹೊಸಬರನ್ನು ಮೂಸಲು ಎಲ್ಲ ನಾಯಿಗಳೂ ಅಲ್ಲೇ ಮುತ್ತುತ್ತವೆ, ಜಗಳ ಹುಟ್ಟುವುದೂ ಹೆಚ್ಚಾಗಿ ಅಲ್ಲೇ.

ಮೊದಲ ಸಲ ವಾರದ ದಿನ ಬೆಳಗ್ಗೆ, ಜನ ಕಡಿಮೆ ಇರುವಾಗ, 15-20 ನಿಮಿಷ ಸಾಕು. ಚೆಂಡು, ತಿಂಡಿ ಬೇಡ, ಅದಕ್ಕಾಗಿಯೇ ಕಚ್ಚಾಡುತ್ತವೆ. ಬೆದೆಗೆ ಬಂದ ಹೆಣ್ಣುನಾಯಿ ಮೂರು ವಾರ ಮನೆಯಲ್ಲಿರಲಿ. ಮರಿಗೆ 16 ವಾರದವರೆಗಿನ ಲಸಿಕೆಗಳು ಮುಗಿದು ಇನ್ನೆರಡು ವಾರ ಕಳೆಯಲಿ.

ಒಳಗೆ ಹೋದ ಮೇಲೆ ಕಣ್ಣು ಫೋನಿನ ಮೇಲಲ್ಲ, ನಾಯಿಯ ಮೇಲಿರಬೇಕು. ಮುಂಗಾಲು ಚಾಚಿ ಹಿಂಭಾಗ ಎತ್ತಿದರೆ ಅದು ಆಟಕ್ಕೆ ಕರೆ. ಅಟ್ಟಿಸಿಕೊಂಡು ಹೋದದ್ದು ಸ್ವಲ್ಪ ಹೊತ್ತಿಗೆ ತಾನೇ ಓಡಿಸಿಕೊಳ್ಳಬೇಕು, ಹಾಗಿದ್ದರೆ ಆಟ ಸರಿಯಿದೆ. ಅನುಮಾನ ಬಂದರೆ ಅಟ್ಟಿಸುವ ನಾಯಿಯನ್ನು ಒಂದು ಕ್ಷಣ ಹಿಡಿದುಕೊಳ್ಳಿ. ಇನ್ನೊಂದು ತಾನಾಗಿ ಹತ್ತಿರ ಬಂದರೆ ಬಿಡಿ. ದೂರ ಸರಿದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಬಾಲ ಸೆಟೆದು, ಮೈ ಬಿಗಿದು, ಒಂದರ ಹೆಗಲ ಮೇಲೆ ಇನ್ನೊಂದು ತಲೆಯಿಟ್ಟು ಅಲ್ಲಾಡದೆ ನಿಂತರೆ ಮಾತ್ರ ಕಾಯಬೇಡಿ, ಹೆಸರು ಕರೆದು ಹೊರಡಿ.

ವಿರೋಧ

ಮೇಲಿನ ಕ್ರಮವನ್ನೆಲ್ಲ ನೀವೊಬ್ಬರು ಪಾಲಿಸಬಹುದು. ಒಳಗಿರುವ ಉಳಿದ ನಾಯಿಗಳ ಲಸಿಕೆ ಪುಸ್ತಕ ಯಾರು ನೋಡಿದ್ದಾರೆ?

ನಮ್ಮ ಊರಿನಲ್ಲಿ ದೊಡ್ಡ ಭಯ ಉಣ್ಣಿ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕಿನಲ್ಲೋ ಕಲ್ಲುಬೆಂಚಿನ ಸಂದಿಯಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಹತ್ತಾರು ನಾಯಿಗಳು ದಿನವೂ ಬಂದುಹೋಗುವ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಅದು ಹರಡುವ ಎರ್ಲಿಕಿಯಾ ಜ್ವರ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಬೇಕು. ಅಷ್ಟರಲ್ಲಿ ಪಾರ್ಕಿಗೆ ಹೋಗಿದ್ದೇ ಮರೆತಿರುತ್ತದೆ. ಊಟ ಬಿಟ್ಟು ಮಂಕಾದರೆ, ವಸಡು ಬಿಳಿಚಿದರೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡರೆ, ಮೂಗಿನಿಂದ ರಕ್ತ ಬಂದರೆ ಅಂದೇ ಪ್ಲೇಟ್‌ಲೆಟ್ ಎಣಿಕೆ ಮಾಡಿಸಬೇಕು. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಉಣ್ಣಿಗೆಂದು ಕೊಡುವ ಮಾತ್ರೆ ಅತ್ಯಗತ್ಯ, ಆದರೆ ಉಣ್ಣಿ ಕಚ್ಚಿ ರಕ್ತ ಹೀರಿದ ಮೇಲಷ್ಟೇ ಅದರಿಂದ ಸಾಯುತ್ತದೆ. ರೋಗ ದಾಟಲು ಕೆಲವು ಗಂಟೆ ಸಾಕು.

ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಳೆಗಾಲದ ಹೊಂಡದಲ್ಲಿ ಇಲಿಯ ಮೂತ್ರ ಸೇರಿದರೆ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ. ಅದು ಮನುಷ್ಯರಿಗೂ ಬರುತ್ತದೆ.

ಗಾತ್ರದ್ದು ಇನ್ನೊಂದು ಸಮಸ್ಯೆ. 30 ಕಿಲೋ ನಾಯಿಯ ಜೊತೆ 5 ಕಿಲೋದ ಶಿಟ್ಸು ಓಡುತ್ತಾ ಕೀಂಯ್ ಎಂದರೆ, ಆಟವಾಡುತ್ತಿದ್ದ ದೊಡ್ಡದಕ್ಕೆ ಆ ಕ್ಷಣ ಅದು ಬೇಟೆಯಾಗಿ ಕಾಣಬಹುದು. ಜಗಳ ಬಿಡಿಸಲು ಕೊರಳಪಟ್ಟಿಗೆ ಕೈ ಹಾಕಿದವರೇ ಕಚ್ಚಿಸಿಕೊಳ್ಳುವುದು. ಇಬ್ಬರೂ ಮಾಲೀಕರು ಒಟ್ಟಿಗೆ ತಮ್ಮ ತಮ್ಮ ನಾಯಿಯ ಹಿಂಗಾಲುಗಳನ್ನು ಎತ್ತಿ ಹಿಂದಕ್ಕೆ ಎಳೆಯಬೇಕು. ಹಲ್ಲು ತಾಗಿದ್ದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು. ಗಾಯ ಮಾಯುತ್ತದೆ. ಆದರೆ ಒಮ್ಮೆ ಬೆದರಿದ ನಾಯಿ ಬೀದಿಯಲ್ಲಿ ಕಂಡ ಪ್ರತಿ ನಾಯಿಗೂ ತಿಂಗಳುಗಟ್ಟಲೆ ಎಗರಾಡುತ್ತದೆ, ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ಎರಡು ವರ್ಷ ದಾಟಿದ ಮೇಲೆ ಎಷ್ಟೋ ನಾಯಿಗಳಿಗೆ ಅಪರಿಚಿತ ನಾಯಿಗಳ ಗುಂಪು ಬೇಕೇ ಆಗುವುದಿಲ್ಲ. ಅವುಗಳಿಗೆ 10 ಮೀಟರ್ ಉದ್ದದ ಹಗ್ಗ ಸಾಕು. ಅದನ್ನು ಕೊರಳಿಗೆ ಕಟ್ಟದೆ ಎದೆ-ಬೆನ್ನು ಸುತ್ತಿ ಕಟ್ಟುವ ಪಟ್ಟಿಗೆ (ಹಾರ್ನೆಸ್) ಸಿಕ್ಕಿಸಿ, ಇಲ್ಲದಿದ್ದರೆ ಹಗ್ಗ ಮುಗಿದಲ್ಲಿ ಕುತ್ತಿಗೆಗೆ ಜಗ್ಗು ಬೀಳುತ್ತದೆ. ಖಾಲಿ ಸೈಟಿನಲ್ಲಿ ಅರ್ಧ ಗಂಟೆ ಮೂಸಲು ಬಿಟ್ಟರೆ ಮನೆಗೆ ಬಂದು ಮಲಗುತ್ತದೆ. ಜೊತೆ ಬೇಕೆಂದರೆ ಲಸಿಕೆ ಹಾಕಿಸಿದ, ಪರಿಚಯದ ಒಂದು ನಾಯಿ. ಮೊದಲು ಹತ್ತಡಿ ಅಂತರದಲ್ಲಿ ಎರಡನ್ನೂ ಒಂದೇ ದಿಕ್ಕಿಗೆ ನಡೆಸಿ, ಮೈ ಸಡಿಲವಾದ ಮೇಲೆ ಮೂಸಲು ಬಿಡಿ.