ಕ್ಯಾಲ್ಸಿಯಂ ಮಾತ್ರೆ ಬೇಡ ಅಂತ ವಾಪಸ್ ಕೊಡಬೇಡಿ

ಇವತ್ತು ಚಿಂತಾಮಣಿಯ ಒಂದು ಮೆಡಿಕಲ್ ಶಾಪಿನಲ್ಲಿ ಕಿವಿಗೆ ಬಿದ್ದ ಮಾತು: "ಅಮ್ಮನಿಗೆ ಕ್ಯಾಲ್ಸಿಯಂ ಜಾಸ್ತಿ ಅಂತಲೇ ಮೊನ್ನೆ ಕತ್ತಿನ ಆಪರೇಷನ್ ಆಗಿದ್ದು. ಮತ್ತೆ ಅದೇ ಮಾತ್ರೆ ಯಾಕಣ್ಣಾ? ಬೇಡ ಬಿಡಿ." ಹೊಟ್ಟೆ ಉರೀತು. ಪ್ಯಾರಾಥೈರಾಯ್ಡ್ ಆಪರೇಷನ್ ಆದ ಎಷ್ಟೋ ಮನೆಗಳಲ್ಲಿ ಇದೇ ತಪ್ಪು.

ಜಾಸ್ತಿ ಇದ್ದದ್ದು ರಕ್ತದಲ್ಲಿ, ಮೂಳೆಯಲ್ಲಲ್ಲ. ಕತ್ತಿನಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿರ್ತವೆ, ಅವೇ ಪ್ಯಾರಾಥೈರಾಯ್ಡ್. ಅದರಲ್ಲೊಂದು ಗಂಟಾಗಿ ಹಾರ್ಮೋನ್ ಸುರಿಸ್ತಾ ಇದ್ದರೆ ಮೂಳೆ ಕರಗಿ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತೆ. ಗಂಟು ತೆಗೆದ 10 ನಿಮಿಷಕ್ಕೇ ಹಾರ್ಮೋನ್ ಅರ್ಧಕ್ಕಿಂತ ಕೆಳಗಿಳಿಯುತ್ತೆ. ಉಳಿದ ಗ್ರಂಥಿಗಳು ಅಷ್ಟು ದಿನ ಕೆಲಸವಿಲ್ಲದೆ ಮಲಗಿರ್ತವೆ, ಏಳೋಕೆ ಸಮಯ ಬೇಕು. ಇತ್ತ ಬರಿದಾದ ಮೂಳೆ, ಬತ್ತಿದ ಕೆರೆ ಅಂಗಳ ಮೊದಲ ಮಳೆ ಕುಡಿದ ಹಾಗೆ, ರಕ್ತದ ಕ್ಯಾಲ್ಸಿಯಂ ಹೀರಿಕೊಳ್ಳುತ್ತೆ. 2ರಿಂದ 4ನೇ ದಿನಕ್ಕೆ ಅದು ತೀರಾ ಕೆಳಗೆ. ಸರಿಯಾಗಿ ಆ ಹೊತ್ತಿಗೇ ಮಾತ್ರೆ ಬೇಡ ಅಂತೀರಿ!

ತುಟಿ ಸುತ್ತ, ಬೆರಳ ತುದಿ ಜುಮ್ ಅಂದರೆ ಡಾಕ್ಟರಿಗೆ ಫೋನ್ ಮಾಡಿ, ಚೀಟಿಯಲ್ಲಿ ಹೇಳಿದ ಹಾಗೆ ಮಾತ್ರೆ ಕೊಡಿ. ಕೈ ಸೆಳೆದು ಮಡಚಿಕೊಂಡರೆ, ಉಸಿರು ಕಟ್ಟಿದರೆ, ಫಿಟ್ಸ್ ಬಂದರೆ ಮಾತ್ರೆ ಸಾಲದು, ರಕ್ತನಾಳಕ್ಕೇ ಕ್ಯಾಲ್ಸಿಯಂ ಹಾಕಬೇಕು. ತಕ್ಷಣ ಆಸ್ಪತ್ರೆಗೆ ಹೋಗಿ.

"ನಾವು ಮುದ್ದೆ ತಿನ್ನೋರು, ಮಾತ್ರೆ ಯಾಕೆ?" ಅಂತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ರಾಗಿಯಲ್ಲೇ ಇರೋ ಫೈಟೇಟ್ ಅನ್ನೋ ಅಂಶ ಅದನ್ನ ಪೂರ್ತಿ ಮೈಗೆ ಹತ್ತೋಕೆ ಬಿಡಲ್ಲ. ಮುದ್ದೆ ತಿನ್ನಿ, ಮಾತ್ರೆನೂ ನುಂಗಿ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಆದರೆ ಊಟದ ಜೊತೆಗೇ. ಥೈರಾಯ್ಡ್ ಮಾತ್ರೆ ಇದ್ದರೆ ಎರಡಕ್ಕೂ 4 ಗಂಟೆ ಅಂತರ.

ಇನ್ನು "ಆಪರೇಷನ್ ಮಾಡಿಸಿ ಏನುಪಯೋಗ?" ಅನ್ನೋರಿಗೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ ಕೆಲವೇ ದಿನ, ವಾರಗಳಲ್ಲಿ ಇಳಿಯುತ್ತವೆ. ಮೂಳೆ ನೋವು, ತೊಡೆಯ ನಿಶ್ಶಕ್ತಿಗೆ ತಿಂಗಳುಗಳು ಬೇಕು. ಮೂಳೆ ಗಟ್ಟಿಯಾಗೋಕೆ ವರ್ಷ, ಎರಡು ವರ್ಷ. ಇರೋ ಕಿಡ್ನಿ ಕಲ್ಲು ಕರಗಲ್ಲ, ಹೊಸದಾಗಿ ಕಟ್ಟೋದು ಕಮ್ಮಿ ಆಗುತ್ತೆ. ಮರೆವು, ಬೇಜಾರು ಕೆಲವರಿಗೆ ಚೆನ್ನಾಗಿ ಇಳಿಯುತ್ತೆ, ಎಲ್ಲರಿಗೂ ಅಲ್ಲ. ಕ್ಯಾಲ್ಸಿಯಂ ನಾರ್ಮಲ್ ಇದ್ದು ಹಾರ್ಮೋನ್ ಮಾತ್ರ ಸ್ವಲ್ಪ ಜಾಸ್ತಿ ಕಂಡರೆ ಆಪರೇಷನ್ ಕೆಟ್ಟಿತು ಅಂತಲ್ಲ. ವಿಟಮಿನ್ ಡಿ ಕಮ್ಮಿ ಇದ್ದರೂ ಹಾಗಾಗುತ್ತೆ. 6 ತಿಂಗಳಾದ ಮೇಲೂ ಕ್ಯಾಲ್ಸಿಯಂ ನಾರ್ಮಲ್ ಇದ್ದರೆ ವಾಸಿಯಾದ ಲೆಕ್ಕ. ಮಾತ್ರೆ ಇಳಿಸೋದು ರಕ್ತದ ರಿಪೋರ್ಟ್ ನೋಡಿ, ಡಾಕ್ಟರೇ.

ಆ ಅಮ್ಮನ ಮನೆಯವರು ಯಾರಾದರೂ ಇದನ್ನ ಓದ್ತಿದ್ದರೆ, ನಾಳೆವರೆಗೆ ಕಾಯಬೇಡಿ. ಅಂಗಡಿ ಮುಚ್ಚೋ ಮುಂಚೆ ಹೋಗಿ ಮಾತ್ರೆ ತನ್ನಿ.