ಲ್ಯಾಮಿನೇಷನ್ ಮಾತ್ರ ಬ್ಯಾಡ್ರಿ

ಈ ಸಲ ಊರಿಗೆ ಹೋಗುವಾಗ ಮಾವನ ಮಗನಿಗೆಂದು ಆಪಲ್ ಕಂಪನಿಯ ಹಳೇ ಪೋಸ್ಟರ್ ಒಂದನ್ನು ಒಯ್ದಿದ್ದೆ. 1997ರಲ್ಲಿ ಶುರುವಾದ 'ಥಿಂಕ್ ಡಿಫರೆಂಟ್' ಪ್ರಚಾರದ್ದು. ಐನ್‌ಸ್ಟೈನ್, ಪಿಕಾಸೊ ಇದ್ದ ಆ ಸಾಲಿನಲ್ಲಿ ಗಾಂಧೀಜಿಯೂ ಇದ್ದರು. ನಾನು ಒಯ್ದದ್ದು ಗಾಂಧೀಜಿಯದ್ದೇ. 1924ರಲ್ಲಿ ಅವರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ನಮ್ಮ ಟಿಳಕವಾಡಿಯಲ್ಲಿ ತಾನೆ? ಈ ಚಿತ್ರ ಬೆಳಗಾವಿಯ ಗೋಡೆಗೇ ಸೇರಬೇಕು ಅನ್ನಿಸಿತ್ತು.

ಮರುದಿನ ಸಂಜೆ ಅವನು ಖಡೇಬಜಾರಕ್ಕೆ ಹೋಗಿ ಲ್ಯಾಮಿನೇಷನ್ ಮಾಡಿಸಿಕೊಂಡೇ ಬಂದ. "ಇನ್ನ ಇದಕ್ಕ ಏನೂ ಆಗಂಗಿಲ್ಲ ನೋಡಣ್ಣಾ!" ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಕೀಳಲು ಹೋದರೆ ಕಾಗದವೇ ಕಿತ್ತು ಬರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಓಣಿಯ ನಿವೃತ್ತ ಎಂಜಿನಿಯರ್ ಒಬ್ಬರ ಬಳಿ ಗ್ರಾಫಿಕ್ ಡಿಸೈನರ್ ಪಾಲ್ ರ್‍ಯಾಂಡ್ 1981ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂಗೆ ಮಾಡಿಕೊಟ್ಟ ಪೋಸ್ಟರ್ ಇದೆ: ಒಂದು ಕಣ್ಣು (ಇಂಗ್ಲಿಷಿನ 'ಐ'), ಒಂದು ಜೇನ್ನೊಣ ('ಬೀ'), ಪಟ್ಟೆಪಟ್ಟೆಯ ಎಂ. ತೋರಿಸುವ ಮುಂಚೆ ಅವರು ಕೈ ತೊಳೆದು ಒರೆಸಿಕೊಂಡರು, ಬಿಸಿಲು ಬೀಳದಂತೆ ಪರದೆ ಎಳೆದರು. ಅಗಲವಾದ ಡ್ರಾಯರಿನಲ್ಲಿ, ಆಮ್ಲವಿಲ್ಲದ ಹಾಳೆಗಳ ನಡುವೆ ಬಾಣಂತಿಯ ಕೂಸಿನಂತೆ ಮಲಗಿಸಿದ್ದರು. ಮೂಲೆಯಲ್ಲಿ ಪಿನ್ನಿನ ತೂತು ಇದ್ದರೂ ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಇಳಿಯುತ್ತದಂತೆ. ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಂತೂ ಯಂತ್ರಗಳ ಜೊತೆ ಜಾಹೀರಾತಿನ ಕೈಪತ್ರಗಳನ್ನೂ ಕಾಪಾಡುತ್ತಾರೆ.

ನಮ್ಮಲ್ಲಿ? ತೊಂಬತ್ತರ ದಶಕದಲ್ಲಿ ನಾನು ಹೋಗುತ್ತಿದ್ದ ಕಂಪ್ಯೂಟರ್ ಕ್ಲಾಸಿನ ಗೋಡೆಯ ಮೇಲೆ ವಿಂಡೋಸ್ 95ರ ನೀಲಿ ಆಕಾಶ, ಬಿಳಿ ಮೋಡದ ಪೋಸ್ಟರ್ ಇತ್ತು. ಖಂಡೇನವಮಿಗೆ ಮಾನಿಟರಿಗೆ ಕುಂಕುಮ ಹಚ್ಚಿ, ಅದೇ ಪೋಸ್ಟರಿಗೂ ಚೆಂಡು ಹೂವಿನ ಮಾಲೆ ಹಾಕುತ್ತಿದ್ದರು. ಅದೇನಾಯಿತೆಂದು ಈಗ ಕೇಳಿದರೆ, "ಬಣ್ಣಾ ಹಚ್ಚಿಸುವಾಗ ರದ್ದಿಗೆ ಹೋತ್ರೀ" ಎಂದರು. ಕಂಪ್ಯೂಟರ್ ನಮ್ಮೂರಿಗೆ ಬಂದ ಕಾಲದ ಗುರುತು ಅದು. ಪೂಜೆ ಮಾಡಿದ್ದನ್ನೇ ಕೆಜಿ ಲೆಕ್ಕದಲ್ಲಿ ತೂಗುವುದು ನನಗೆ ಇವತ್ತಿಗೂ ಸಹಿಸುವುದಿಲ್ಲ.

ಆದರೂ, ಬೆಳಗಾವಿಯ ಮಳೆ ಗೊತ್ತಿದ್ದವನು ಒಂದು ಮಾತು ಒಪ್ಪಬೇಕು. ಆಷಾಢದಲ್ಲಿ ಕಪಾಟಿನ ಒಳಗಿನ ಸೀರೆಗೇ ಬೂಸ್ಟು ಹಿಡಿಯುವ ಊರಲ್ಲಿ ಕಾಗದದ ಪಾಡೇನು? ತಮ್ಮನ ಗಾಂಧೀಜಿ ಪಡಸಾಲೆಯಲ್ಲಿ ಸಿದ್ಧಾರೂಢರ ಫೋಟೋದ ಪಕ್ಕ ತೂಗುತ್ತಿದ್ದಾರೆ, ಬಂದವರೆಲ್ಲ ನೋಡುತ್ತಾರೆ. ಕ್ಯಾಲಿಫೋರ್ನಿಯಾದ ಡ್ರಾಯರಿನಲ್ಲಿರುವ ಆ ಜೇನ್ನೊಣಕ್ಕೆ ಬೆಳಕೇ ಇಲ್ಲ.

ಆಗ ಕಂಪ್ಯೂಟರ್ ಕ್ಲಾಸ್ ನಡೆಸಿದವರು ಅಟ್ಟದ ಮೇಲೆ ಒಮ್ಮೆ ಹುಡುಕಿ ನೋಡ್ರಿ. ಏನಾದರೂ ಸಿಕ್ಕರೆ ಮಡಚಬೇಡಿ, ಟೇಪ್ ಹಚ್ಚಬೇಡಿ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು, ಪಕ್ಕದಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿಡಿ. ದೀಪಾವಳಿಗೆ ನಾನು ಬಂದಾಗ ಚೌಕಟ್ಟಿನ ಖರ್ಚು ನಂದು.